ಹಾಸನ ಸೀಮೆಯ ಸಾಂಪ್ರದಾಯಿಕ ಒಕ್ಕಲುಮನೆ ಮತ್ತು ಕೃಷಿ ಕಟ್ಟಡಗಳು

ಹಾಸನ ಸೀಮೆಯ ಒಕ್ಕಲುಮನೆ ಎಂದರೆ ಕರ್ನಾಟಕದ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೇಸಾಯಗಾರರು ಕಲ್ಲು, ಮಣ್ಣು, ಮರ ಮತ್ತು ಹೆಂಚುಗಳಿಂದ ಕಟ್ಟಿಕೊಂಡು ಬಂದ ವಾಸದ ಮನೆ ಹಾಗೂ ಅದಕ್ಕೆ ಸೇರಿದ ಕೊಟ್ಟಿಗೆ, ಕಣ, ಹಗೇವು, ಹುಲ್ಲಿನ ಮೆದೆ ಮೊದಲಾದವುಗಳ ಸಮೂಹ. ಇವುಗಳ ಜೊತೆಗೆ ಕಬ್ಬು ಬೆಳೆಯುವ ಕಡೆ ಆಲೆಮನೆಯೂ ತಂಬಾಕು ಬೆಳೆಯುವ ಕಡೆ ಬ್ಯಾರನ್ನೂ ಕಂಡುಬರುತ್ತವೆ. ಹೊಯ್ಸಳರ ದೇವಾಲಯಗಳಿಂದ ಜಗತ್ಪ್ರಸಿದ್ಧವಾಗಿರುವ ಈ ಜಿಲ್ಲೆಯಲ್ಲಿ ಒಕ್ಕಲುಮನೆಗಳು ವಾಸ್ತುಶಿಲ್ಪದ ಚರ್ಚೆಗೆ ಬಂದುದು ಕಡಿಮೆ. ಆದರೆ ಇಲ್ಲಿನ ಜನಜೀವನದ ಇತಿಹಾಸವನ್ನು ತಿಳಿಯಲು ದೇವಾಲಯದಷ್ಟೇ ಮುಖ್ಯವಾದ ಸಾಕ್ಷ್ಯ ಈ ಮನೆಗಳು.

ಒಕ್ಕಲುಮನೆಯ ರಚನೆಯನ್ನು ನಿರ್ಧರಿಸಿದ ಸಂಗತಿಗಳು ಮುಖ್ಯವಾಗಿ ಮೂರು: ಮಳೆ, ದನ ಮತ್ತು ಧಾನ್ಯ. ಚಾವಣಿಯ ಇಳಿಜಾರು ಮಳೆಗೆ, ನೆಲದ ಎತ್ತರ ತಗ್ಗುಗಳು ದನಗಳಿಗೆ, ಒಳಕೋಣೆಗಳ ಕತ್ತಲೆ ಧಾನ್ಯಕ್ಕೆ ಹೊಂದಿಕೊಂಡಿವೆ. ಈ ಮೂರರ ಸಂಬಂಧ ಬದಲಾದಾಗಲೆಲ್ಲ ಮನೆಯೂ ಬದಲಾಗಿದೆ. 20ನೆಯ ಶತಮಾನದ ಉತ್ತರಾರ್ಧದಿಂದ ಇಂತಹ ಕಟ್ಟಡಗಳು ವೇಗವಾಗಿ ಕಣ್ಮರೆಯಾಗುತ್ತಿರುವುದಕ್ಕೂ ಮುಖ್ಯ ಕಾರಣ ಇದೇ.

ಭೌಗೋಳಿಕ ಹಿನ್ನೆಲೆ

ಹಾಸನ ಜಿಲ್ಲೆಯ ಪಶ್ಚಿಮದ ಅಂಚು ಪಶ್ಚಿಮ ಘಟ್ಟಗಳಿಗೆ ಸೇರಿದೆ, ಪೂರ್ವಭಾಗ ಮೈದಾನ. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ ಸುರಿದರೆ, ಪೂರ್ವದ ಚನ್ನರಾಯಪಟ್ಟಣದಲ್ಲಿ ಸುರಿಯುವುದು ಸುಮಾರು 700 ಮಿ.ಮೀ. ಮಾತ್ರ. ಹಾಸನ ಮತ್ತು ಅರಕಲಗೂಡು ತಾಲ್ಲೂಕುಗಳು ಇವೆರಡರ ನಡುವಿನ ಅರೆಮಲೆನಾಡಿನಲ್ಲಿವೆ. ಹೇಮಾವತಿ ನದಿಯು ಗೊರೂರನ್ನು ದಾಟಿ ಹೊಳೆನರಸೀಪುರದ ಪಕ್ಕದಲ್ಲಿ ಹರಿಯುತ್ತದೆ. ಅರಕಲಗೂಡು ತಾಲ್ಲೂಕಿನ ದಕ್ಷಿಣ ಭಾಗದಲ್ಲಿ ಕಾವೇರಿಯು ಕೊಣನೂರು, ರಾಮನಾಥಪುರಗಳ ಬಳಿ ಹರಿಯುತ್ತದೆ.

ರಾಗಿ ಈ ನಾಲ್ಕೂ ತಾಲ್ಲೂಕುಗಳ ಮುಖ್ಯ ಆಹಾರಧಾನ್ಯ. ಕೆರೆ ಮತ್ತು ನಾಲೆಗಳ ಬಯಲಿನಲ್ಲಿ ಭತ್ತ ಹಾಗೂ ಕಬ್ಬು, ಹಾಸನದ ಸುತ್ತ ಆಲೂಗೆಡ್ಡೆ, ಚನ್ನರಾಯಪಟ್ಟಣದ ಕಡೆ ತೆಂಗು, ಅರಕಲಗೂಡಿನ ಕಡೆ ತಂಬಾಕು ಬೆಳೆಯುತ್ತಾರೆ. ಉಳುಮೆಗೆ ಹಳ್ಳಿಕಾರ್ ತಳಿಯ ಎತ್ತುಗಳನ್ನು ಸಾಕುವುದು ಹಿಂದಿನಿಂದ ಬಂದ ರೂಢಿ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆ ಜಾನುವಾರುಗಳ ವ್ಯಾಪಾರಕ್ಕೆ ಹೆಸರಾಗಿದೆ. ಒಂದು ಜೋಡಿ ಒಳ್ಳೆಯ ಎತ್ತು ಒಕ್ಕಲಿನ ಮುಖ್ಯ ಆಸ್ತಿಯಾಗಿದ್ದುದರಿಂದ, ಮನೆಯೊಳಗೆ ಅದಕ್ಕೆ ದೊರೆತ ಸ್ಥಳವೂ ಅಷ್ಟೇ ಮಹತ್ವದ್ದಾಗಿತ್ತು.

ಕಟ್ಟಡ ಸಾಮಗ್ರಿ

ಕಲ್ಲು: ಈ ಪ್ರದೇಶದ ನೆಲ ಬಹು ಪ್ರಾಚೀನವಾದುದು. ಹೊಳೆನರಸೀಪುರ ಮತ್ತು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗಳ ಹೆಸರಿನಲ್ಲಿ ಭೂವಿಜ್ಞಾನಿಗಳು ಗುರುತಿಸಿರುವ ಶಿಸ್ಟ್ ಶಿಲಾಪಟ್ಟಿಗಳಿವೆ. ಅವುಗಳ ಸುತ್ತ ಗ್ರಾನೈಟನ್ನು ಹೋಲುವ ನೈಸ್ ಶಿಲೆ ಹರಡಿದೆ. ಇಲ್ಲಿ ದೊರೆಯುವ ಶಿಲೆಗಳಲ್ಲಿ ಕೆಲವು 300 ಕೋಟಿ ವರ್ಷಗಳಿಗಿಂತ ಹಳೆಯವು. ಮೆತ್ತಗಿರುವ ಬಳಪದ ಕಲ್ಲನ್ನು ಹೊಯ್ಸಳರ ಶಿಲ್ಪಿಗಳು 12 ಮತ್ತು 13ನೆಯ ಶತಮಾನಗಳ ದೇವಾಲಯಗಳಿಗೆ ಬಳಸಿದರು. ಒಕ್ಕಲುಮನೆಗೆ ಒದಗಿದ್ದು ಗಟ್ಟಿಯಾದ ಬಿಳಿಗಲ್ಲು, ಅಂದರೆ ನೈಸ್ ಮತ್ತು ಗ್ರಾನೈಟ್ ಜಾತಿಯ ಕಲ್ಲು. ಹೊಲ ಹಸನು ಮಾಡುವಾಗ ಸಿಕ್ಕಿದ ಕಾಡುಗಲ್ಲುಗಳನ್ನು ಕೆತ್ತದೆಯೇ ತಳಪಾಯಕ್ಕೆ ಜೋಡಿಸುತ್ತಿದ್ದರು. ಮೆಟ್ಟಿಲು, ಜಗಲಿಯ ಅಂಚು, ಕಂಬದಡಿಯ ಕಲ್ಲು ಮತ್ತು ಕೊಟ್ಟಿಗೆಯ ಹಾಸುಗಲ್ಲುಗಳಿಗೆ ಮಾತ್ರ ಕಲ್ಲುಕುಟಿಗರ ಉಳಿಯ ಕೆಲಸ ಬೇಕಾಗುತ್ತಿತ್ತು. ಬಂಡೆಯ ಮೇಲೆ ಸಾಲಾಗಿ ಗುಳಿ ತೋಡಿ, ಬೆಣೆ ಹೊಡೆದು ಚಪ್ಪಡಿಗಳನ್ನು ಸೀಳುವುದು, ಬೆಂಕಿಯ ಕಾವಿನಿಂದ ಬಂಡೆಯ ಪದರವನ್ನು ಎಬ್ಬಿಸುವುದು ಇವೆರಡೂ ದಕ್ಷಿಣ ಕರ್ನಾಟಕದಲ್ಲಿ ರೂಢಿಯಲ್ಲಿದ್ದ ಕ್ರಮಗಳು.

ಮಣ್ಣು: ನೆಲದಿಂದ ಮೊಣಕಾಲೆತ್ತರದವರೆಗೆ ಕಲ್ಲು, ಅದರ ಮೇಲೆ ಮಣ್ಣು ಎಂಬುದು ಇಲ್ಲಿನ ಗೋಡೆಯ ಸಾಮಾನ್ಯ ಸೂತ್ರ. ಕೆಮ್ಮಣ್ಣಿಗೆ ನೀರು ಹಾಕಿ, ಹುಲ್ಲಿನ ಚೂರು ಬೆರೆಸಿ, ಕಾಲಿನಿಂದ ತುಳಿದು ಹದ ಮಾಡಿ, ಒಂದೊಂದು ವರಸೆಯಾಗಿ ಗೋಡೆ ಏರಿಸುತ್ತಿದ್ದರು. ಒಂದು ವರಸೆ ಒಣಗಿದ ಮೇಲೆಯೇ ಮುಂದಿನದು. ಆದ್ದರಿಂದ ಗೋಡೆ ಎಬ್ಬಿಸುವ ಕೆಲಸ ಸುಗ್ಗಿ ಮುಗಿದ ಮೇಲೆ ಆರಂಭವಾಗಿ ಮುಂಗಾರಿಗೆ ಮೊದಲು ಮುಗಿಯಬೇಕಾಗಿತ್ತು. ಒಂದೂವರೆ ಅಡಿಯಿಂದ ಎರಡು ಅಡಿಯಷ್ಟು ದಪ್ಪವಿರುವ ಇಂತಹ ಗೋಡೆಗಳು ಹಗಲಿನ ಬಿಸಿಲನ್ನು ಬೇಗನೆ ಒಳಕ್ಕೆ ಬಿಡುವುದಿಲ್ಲ. ರಾತ್ರಿ ಬೇಗನೆ ತಣ್ಣಗಾಗುವುದೂ ಇಲ್ಲ. ಕಲ್ಲಿನ ತಳಪಾಯದ ಉದ್ದೇಶ ಭಾರ ಹೊರುವುದಷ್ಟೇ ಅಲ್ಲ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಚಿಮ್ಮುವ ಎತ್ತರದವರೆಗೆ ಮಣ್ಣನ್ನು ಕಾಪಾಡುವುದು ಅದರ ಇನ್ನೊಂದು ಕೆಲಸ.

ಮರ: ಬಾಗಿಲುವಾಡ, ಕಂಬ, ತೊಲೆ ಮತ್ತು ಜಂತೆಗಳಿಗೆ ತೇಗ, ಹೊನ್ನೆ, ಮತ್ತಿ, ಹಲಸು, ಬೇವು ಮೊದಲಾದ ಮರಗಳನ್ನು ಬಳಸುತ್ತಿದ್ದರು. ಮಲೆನಾಡಿಗೆ ಹತ್ತಿರವಾದಷ್ಟೂ ಮರದ ಬಳಕೆ ಹೆಚ್ಚು. ಕಂಬವನ್ನು ನೇರವಾಗಿ ನೆಲಕ್ಕೆ ಊರದೆ ಕಲ್ಲಿನ ಮೇಲೆ ನಿಲ್ಲಿಸುವುದರಿಂದ ಗೆದ್ದಲು ಮತ್ತು ತೇವ ಎರಡೂ ದೂರವಾಗುತ್ತವೆ. ಸ್ಥಿತಿವಂತರ ಮನೆಗಳಲ್ಲಿ ಕಂಬದ ತಲೆಯ ಬೋದಿಗೆಗಳಲ್ಲಿಯೂ ತಲೆಬಾಗಿಲಿನ ವಾಡದಲ್ಲಿಯೂ ಬಳ್ಳಿ, ಹೂವು, ಗಿಳಿಗಳ ಕೆತ್ತನೆ ಕಾಣುತ್ತದೆ.

ಚಾವಣಿ: ಬಡವರ ಮನೆಗಳಿಗೆ ಹುಲ್ಲು, ಕಬ್ಬಿನ ಗರಿ ಅಥವಾ ತೆಂಗಿನ ಸೋಗೆಯ ಹೊದಿಕೆ ಇರುತ್ತಿತ್ತು. ಉಳಿದವರ ಮನೆಗಳಿಗೆ ಕುಂಬಾರರು ಚಕ್ರದ ಮೇಲೆ ಮಾಡಿ ಸುಟ್ಟ, ಅರೆಗೊಳವೆಯಾಕಾರದ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಸಂಸ್ಥೆಯು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ನಂತರ ಚಪ್ಪಟೆಯಾದ ಮಂಗಳೂರು ಹೆಂಚು ಕ್ರಮೇಣ ಘಟ್ಟದ ಮೇಲಿನ ಊರುಗಳಿಗೂ ಬಂದಿತು. ನಾಡಹೆಂಚಿಗಿಂತ ಹಗುರವಾದ ಹೊದಿಕೆ, ಒಂದಕ್ಕೊಂದು ಕೊಂಡಿಯಂತೆ ಕೂರುವ ಅಂಚು, ಕಡಿಮೆ ದುರಸ್ತಿ ಇವು ಅದರ ಅನುಕೂಲಗಳು. ಪೂರ್ವದ ಒಣ ಸೀಮೆಯತ್ತ ಹೋದಂತೆ ಮಣ್ಣಿನ ಮಟ್ಟಸವಾದ ಚಾವಣಿಯುಳ್ಳ ಮಾಳಿಗೆ ಮನೆಗಳು ಕಾಣಸಿಗುತ್ತವೆ. ಹೀಗೆ ಪಶ್ಚಿಮದಿಂದ ಪೂರ್ವಕ್ಕೆ ಪ್ರಯಾಣ ಮಾಡಿದರೆ, ಮಳೆ ಕಡಿಮೆಯಾದಂತೆ ಚಾವಣಿಯ ಇಳಿಜಾರೂ ಕಡಿಮೆಯಾಗುತ್ತ ಬರುವುದನ್ನು ಗಮನಿಸಬಹುದು.

ಮನೆಯ ವಿನ್ಯಾಸ

ಸಾಮಾನ್ಯ ಒಕ್ಕಲಿನ ಮನೆ ಉದ್ದನೆಯ ಒಂದೇ ಕಟ್ಟಡ. ಬೀದಿಯಿಂದ ಮೆಟ್ಟಿಲೇರಿದರೆ ಜಗಲಿ. ತಲೆಬಾಗಿಲು ದಾಟಿದರೆ ಒಂದು ಪಕ್ಕದಲ್ಲಿ ತಗ್ಗಾದ ನೆಲದ ಕೊಟ್ಟಿಗೆ, ಇನ್ನೊಂದು ಪಕ್ಕದಲ್ಲಿ ಎತ್ತರಿಸಿದ ಪಡಸಾಲೆ. ಅದರ ಹಿಂದೆ ನಡುಮನೆ, ಅಡುಗೆಮನೆ ಮತ್ತು ದೇವರ ಮೂಲೆ. ಹಿಂಬಾಗಿಲಿನಿಂದ ಬಚ್ಚಲು ಹಾಗೂ ಹಿತ್ತಲಿಗೆ ದಾರಿ. ಅಡುಗೆಮನೆಯ ಮೇಲೆ ಬಿದಿರು ಹಾಸಿ ಮಣ್ಣು ಮೆತ್ತಿದ ಅಟ್ಟವಿರುತ್ತಿತ್ತು. ಒಲೆಯ ಹೊಗೆ ಈ ಅಟ್ಟದ ಮೂಲಕ ಹೆಂಚಿನ ಸಂದಿಗಳಿಂದ ಹೊರಗೆ ಹೋಗುವಾಗ ಮೇಲಿಟ್ಟ ಬಿತ್ತನೆಯ ಬೀಜಕ್ಕೂ ಚಾವಣಿಯ ಮರಕ್ಕೂ ಹುಳು ಹಿಡಿಯದಂತೆ ತಡೆಯುತ್ತಿತ್ತು. ಕಿಟಕಿಗಳು ಕಡಿಮೆ ಮತ್ತು ಚಿಕ್ಕವು. ಬೆಳಕಿಗಾಗಿ ಚಾವಣಿಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು.

ತೊಟ್ಟಿಮನೆ: ಪಟೇಲರು, ಶ್ಯಾನುಭೋಗರು ಮತ್ತು ದೊಡ್ಡ ಹಿಡುವಳಿಯ ಅವಿಭಕ್ತ ಕುಟುಂಬಗಳು ತೊಟ್ಟಿಮನೆಗಳನ್ನು ಕಟ್ಟಿಸಿದವು. ಇದರ ನಡುವೆ ಆಕಾಶಕ್ಕೆ ತೆರೆದ ಚೌಕಾಕಾರದ ಅಂಗಳ, ಅಂದರೆ ತೊಟ್ಟಿ, ಇರುತ್ತದೆ. ಅದರ ನಾಲ್ಕು ಬದಿಗೂ ಕಂಬಗಳ ಸಾಲು, ಕಂಬಗಳ ಹಿಂದೆ ಪಡಸಾಲೆ, ಅದರ ಹಿಂದೆ ಕೋಣೆಗಳು. ನಾಲ್ಕು ಕಡೆಯ ಚಾವಣಿಗಳೂ ತೊಟ್ಟಿಯತ್ತ ಇಳಿಯುವುದರಿಂದ ಮಳೆಯ ನೀರು ಅಂಗಳಕ್ಕೆ ಬಿದ್ದು, ಹಾಸುಗಲ್ಲಿನ ಇಳಿಜಾರಿನಲ್ಲಿ ಹರಿದು, ಕಲ್ಲಿನ ತೂಬಿನ ಮೂಲಕ ಹೊರಗೆ ಹೋಗುತ್ತದೆ. ಮನೆಯ ಬೆಳಕು ಮತ್ತು ಗಾಳಿಯ ಮೂಲವೂ ಇದೇ. ಧಾನ್ಯ ಒಣಗಿಸುವುದು, ಹಪ್ಪಳ ಸಂಡಿಗೆ ಹಾಕುವುದು, ಮದುವೆಯ ಹಸೆ ಎಲ್ಲವೂ ತೊಟ್ಟಿಯಲ್ಲಿಯೇ. ಬಹಳ ದೊಡ್ಡ ಮನೆಗಳಲ್ಲಿ ಮುಂದಿನ ತೊಟ್ಟಿ ಜನರ ಓಡಾಟಕ್ಕೂ ಹಿಂದಿನ ತೊಟ್ಟಿ ಹೆಂಗಸರ ಕೆಲಸಕ್ಕೂ ದನಗಳಿಗೂ ಮೀಸಲಾಗಿರುತ್ತಿದ್ದವು.

ಜಗಲಿ: ಜಗಲಿಯು ಮನೆಗೂ ಬೀದಿಗೂ ನಡುವಿನ ಗಡಿ. ದಾರಿಹೋಕರು ಕುಳಿತು ದಣಿವಾರಿಸಿಕೊಳ್ಳುವುದು, ಊರಿನ ನ್ಯಾಯ ಪಂಚಾಯ್ತಿ ನಡೆಯುವುದು, ಕೂಲಿಯಾಳುಗಳು ರಾತ್ರಿ ಮಲಗುವುದು ಇಲ್ಲಿಯೇ. ಅದೇ ಜಗಲಿ ಜಾತಿಯ ಗಡಿಯೂ ಆಗಿತ್ತು. ಕಣದಲ್ಲಿ ರಾಗಿ ಬಡಿದು ಹಗೇವಿಗೆ ತುಂಬಿದ ದಲಿತ ಕೆಲಸಗಾರರಿಗೆ ಆ ಮನೆಯ ಒಳಗೆ ಪ್ರವೇಶವಿರುತ್ತಿರಲಿಲ್ಲ. ಅವರ ಸ್ವಂತ ಮನೆಗಳು ಊರಿನಿಂದ ಬೇರೆಯಾದ ಕೇರಿಯಲ್ಲಿದ್ದ ಒಂದೇ ಕೋಣೆಯ ಗುಡಿಸಲುಗಳು. ಹುಲ್ಲಿನ ಹೊದಿಕೆಯ ಆ ಕಟ್ಟಡಗಳು ಬೇಗ ನಶಿಸಿದ್ದರಿಂದ ಇಂದು ಉಳಿದಿರುವ ಹಳೆಯ ಮನೆಗಳು ಬಹುಮಟ್ಟಿಗೆ ಉಳ್ಳವರ ಮನೆಗಳೇ ಆಗಿವೆ. ಅವುಗಳನ್ನಷ್ಟೇ ನೋಡಿ ಹಳೆಯ ಹಳ್ಳಿಯ ಚಿತ್ರವನ್ನು ಕಲ್ಪಿಸಿಕೊಂಡರೆ ಅದು ಅಪೂರ್ಣವಾಗುತ್ತದೆ.

ಕೊಟ್ಟಿಗೆ

ಒಂದೇ ಸೂರಿನಡಿ ಜನ ಮತ್ತು ದನ ವಾಸಿಸುವುದು ಈ ಸೀಮೆಯ ಹಳೆಯ ಮನೆಗಳ ವಿಶೇಷ ಲಕ್ಷಣ. ಕಳ್ಳರ ಭಯ, ಚಿರತೆಯ ಕಾಟ ಮತ್ತು ರಾತ್ರಿ ಹುಲ್ಲು ಹಾಕುವ ಅನುಕೂಲ ಇದಕ್ಕೆ ಕಾರಣಗಳು. ಕೊಟ್ಟಿಗೆಯ ನೆಲಕ್ಕೆ ಚಪ್ಪಡಿ ಹಾಸಿ, ಒಂದು ಕಡೆಗೆ ಇಳಿಜಾರು ಕೊಟ್ಟು, ಗಂಜಲ ಹರಿದು ಹೊರಗಿನ ಗುಂಡಿಯನ್ನು ಸೇರುವಂತೆ ಕಾಲುವೆ ಮಾಡುತ್ತಿದ್ದರು. ಗೋಡೆಯ ಉದ್ದಕ್ಕೂ ಮೇವು ಹಾಕುವ ಗೊಂತಿಗೆ; ಉತ್ತರ ಕರ್ನಾಟಕದಲ್ಲಿ ಇದಕ್ಕೆ ಗೋದಲಿ ಎನ್ನುತ್ತಾರೆ. ಅದರ ಅಂಚಿನ ಕಲ್ಲು ಅಥವಾ ಮರದ ತೊಲೆಯಲ್ಲಿ ಕೊರೆದ ತೂತುಗಳಿಗೆ ದನಗಳ ಕಣ್ಣಿಯನ್ನು ಕಟ್ಟುತ್ತಿದ್ದರು. ನೊಗ, ನೇಗಿಲು, ಕುಂಟೆ, ಕೂರಿಗೆಗಳಿಗೆ ಸ್ಥಳ ಜಂತೆಯ ಕೆಳಗೆ ಅಥವಾ ಗೋಡೆಯ ಗೂಟದಲ್ಲಿ.

ಇಂತಹ ವ್ಯವಸ್ಥೆ ಜಗತ್ತಿನ ಬೇರೆ ಭಾಗಗಳಲ್ಲಿಯೂ ಇತ್ತು. ಬ್ರಿಟನ್ನಿನ ವೇಲ್ಸ್ ಪ್ರದೇಶದ ಹಳೆಯ ಕಲ್ಲಿನ ರೈತಮನೆಗಳಲ್ಲಿ ‘ಉದ್ದಮನೆ’ ಎಂಬ ಒಂದು ಬಗೆಯಿದೆ. ಬೆಟ್ಟದ ಇಳಿಜಾರಿನಲ್ಲಿ ಕಟ್ಟಿದ ಆ ಮನೆಯ ಮೇಲ್ಬದಿಯಲ್ಲಿ ಜನ, ಕೆಳಬದಿಯಲ್ಲಿ ದನ, ನಡುವೆ ಓಣಿಯಂತಹ ದಾರಿ. ಕೊಳೆನೀರು ಜನರಿರುವ ಕಡೆಗೆ ಬರದಂತೆ ನೆಲದ ಇಳಿಜಾರನ್ನು ಬಳಸಿಕೊಂಡ ಉಪಾಯ ಎರಡೂ ಕಡೆ ಒಂದೇ ಆಗಿದೆ. ಅಲ್ಲಿ ಚಳಿಗಾಲದ ಹಿಮ ಮತ್ತು ಗಾಳಿಯಿಂದ ದನಗಳನ್ನು ರಕ್ಷಿಸುವುದು ಮುಖ್ಯವಾಗಿದ್ದರೆ ಇಲ್ಲಿ ಎತ್ತುಗಳ ಕಾವಲು ಮುಖ್ಯವಾಗಿತ್ತು. ಕಾರಣ ಬೇರೆಯಾದರೂ ದನವೇ ಬದುಕಿನ ಆಧಾರವಾದ ಕಡೆಗಳಲ್ಲಿ ಮನೆಯ ನಕ್ಷೆ ಹೋಲಿಕೆಯುಳ್ಳದ್ದಾಗಿತ್ತು ಎಂಬುದು ಗಮನಾರ್ಹ.

ಹಗೇವು ಮತ್ತು ಇತರ ಧಾನ್ಯ ಸಂಗ್ರಹಗಳು

ಹಗೇವು ಎಂದರೆ ರಾಗಿಯನ್ನು ತುಂಬಿಡಲು ನೆಲದೊಳಗೆ ತೋಡಿದ ಗುಳಿ. ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಹೋದಂತೆ ಗುಡಾಣದ ಹಾಗೆ ಅಗಲವಾಗುವ ಒಡಲು ಇದರ ಆಕಾರ. ನೀರು ನಿಲ್ಲದ ಎತ್ತರದ, ಗಟ್ಟಿಮಣ್ಣಿನ ಜಾಗವನ್ನು ಆರಿಸಿ ತೋಡುತ್ತಿದ್ದರು. ಮನೆಯ ಮುಂದಿನ ಅಂಗಳ, ಕಣದ ಅಂಚು, ಕೆಲವೊಮ್ಮೆ ನಡುಮನೆಯ ನೆಲವೂ ಇದಕ್ಕೆ ತಕ್ಕ ಸ್ಥಳವಾಗಿತ್ತು. ತಳಕ್ಕೂ ಪಕ್ಕಗಳಿಗೂ ಒಣಹುಲ್ಲು ಕೊಟ್ಟು, ಚೆನ್ನಾಗಿ ಒಣಗಿದ ರಾಗಿಯನ್ನು ಸುರಿದು, ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಇಂತಹ ನೆಲದ ಕಣಜಗಳನ್ನು ಉಲ್ಲೇಖಿಸಿದ್ದಾನೆ.

ಹಗೇವಿನ ಯಶಸ್ಸಿಗೆ ಕಾರಣ ಗಾಳಿಯಾಡದಿರುವುದು. ಮುಚ್ಚಿದ ಗುಳಿಯಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳುಗಳು ಬದುಕಲಾರವು. ಜೊತೆಗೆ ರಾಗಿಯ ಕಾಳು ಬಹಳ ಚಿಕ್ಕದಾದ್ದರಿಂದ ಅದಕ್ಕೆ ಹುಳು ಹಿಡಿಯುವುದೇ ಕಡಿಮೆ. ಹೀಗಾಗಿ ರಾಗಿ ಹಲವು ವರ್ಷ ಕೆಡದೆ ಉಳಿಯುತ್ತಿತ್ತು. ಬರಗಾಲದಲ್ಲಿ ಹಗೇವೇ ಮನೆಯ ಆಸರೆ. ಆದರೆ ಇದೇ ಗುಣ ಅಪಾಯಕಾರಿಯೂ ಹೌದು. ಚಪ್ಪಡಿ ತೆಗೆದ ಕೂಡಲೇ ಒಳಗಿಳಿದವರು ಉಸಿರುಗಟ್ಟಿ ಸಾಯುವ ಸಂಭವವಿತ್ತು. ಆದ್ದರಿಂದ ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಸಿ, ಅದು ಆರದೆ ಉರಿಯುವುದನ್ನು ನೋಡಿಕೊಂಡ ಮೇಲೆಯೇ ಆಳನ್ನು ಇಳಿಸುತ್ತಿದ್ದರು. ಇಳಿಯುವ ಕೆಲಸ ಸಾಮಾನ್ಯವಾಗಿ ಕೂಲಿಯಾಳಿನದೇ ಆಗಿತ್ತು.

ದಿನಬಳಕೆಯ ಧಾನ್ಯಕ್ಕೆ ಮನೆಯೊಳಗೆ ಬೇರೆ ಪಾತ್ರೆಗಳಿದ್ದವು: ಮಣ್ಣಿನ ದೊಡ್ಡ ಗುಡಾಣ ಮತ್ತು ವಾಡೆಗಳು, ಬಿದಿರಿನಿಂದ ಹೆಣೆದು ಸಗಣಿ ಸಾರಿಸಿದ ಕಣಜ ಮತ್ತು ತೊಂಬೆಗಳು. ಭತ್ತವನ್ನು ಸಾಮಾನ್ಯವಾಗಿ ಕಣಜದಲ್ಲಿ ಇಡುತ್ತಿದ್ದರು. ಅಳತೆ ಸೇರು, ಕೊಳಗ ಮತ್ತು ಖಂಡುಗಗಳಲ್ಲಿ. 20 ಕೊಳಗಕ್ಕೆ 1 ಖಂಡುಗ. ಮನೆತನದ ಅಂತಸ್ತನ್ನು ಹೇಳುವಾಗ ಹಗೇವು ಎಷ್ಟು ಖಂಡುಗದ್ದು ಎಂಬ ಮಾತು ಬರುತ್ತಿದ್ದುದು ಸಹಜ.

ಕಣ, ಮೆದೆ ಮತ್ತು ತಿಪ್ಪೆ

ಕಣವು ಗೋಡೆ ಚಾವಣಿಗಳಿಲ್ಲದ ಕಟ್ಟಡ. ಸುಗ್ಗಿಗೆ ಮುಂಚೆ ಊರಿನ ಅಂಚಿನ ಗಾಳಿ ಬೀಸುವ ಎತ್ತರದ ಜಾಗದಲ್ಲಿ ನೆಲ ಕೆತ್ತಿ, ನೀರು ಚಿಮುಕಿಸಿ, ದನಗಳಿಂದ ತುಳಿಸಿ ಗಟ್ಟಿಮಾಡಿ, ಮೇಲೆ ಸಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ಕಂಬ. ಹರಡಿದ ರಾಗಿಯ ತೆನೆಯ ಮೇಲೆ ಎತ್ತುಗಳಿಂದ ಎಳೆಸುವ ಉರುಳೆಯಾಕಾರದ ಕಲ್ಲಿಗೆ ರೋಣಗಲ್ಲು ಅಥವಾ ಗುಂಡು ಎಂದು ಹೆಸರು. ಒಕ್ಕಣೆಯಾದ ಮೇಲೆ ಮೊರದಲ್ಲಿ ಎತ್ತಿ ಗಾಳಿಗೆ ತೂರಿ, ರಾಶಿ ಮಾಡಿ, ರಾಶಿಪೂಜೆ ನಡೆಸಿ, ಆಯಗಾರರಿಗೆ ಅವರವರ ಪಾಲನ್ನು ಅಳೆದುಕೊಟ್ಟು ಉಳಿದದ್ದನ್ನು ಮನೆಗೆ ಸಾಗಿಸುತ್ತಿದ್ದರು.

ಹುಲ್ಲನ್ನು ಮೆದೆ ಒಟ್ಟುವುದು ಪ್ರತ್ಯೇಕ ಕುಶಲತೆ. ಮಳೆಯ ನೀರು ಒಳಗಿಳಿಯದಂತೆ ಮೇಲ್ಭಾಗವನ್ನು ಮನೆಯ ಚಾವಣಿಯಂತೆ ಇಳಿಜಾರಾಗಿಸುತ್ತಾರೆ. ತಳದಲ್ಲಿ ತೇವ ತಾಗದಂತೆ ಕಲ್ಲು ಅಥವಾ ಕಡ್ಡಿಗಳನ್ನು ಹರಡುತ್ತಾರೆ. ಬೆಂಕಿಯ ಭಯದಿಂದ ಮೆದೆಯನ್ನು ಒಲೆಯಿರುವ ಕಡೆಯಿಂದ ದೂರವಿಡುವುದು ವಾಡಿಕೆ. ಕೊಟ್ಟಿಗೆಯ ಸಗಣಿ ಗಂಜಲಗಳು ಸೇರುವ ತಿಪ್ಪೆಯೂ ಈ ವ್ಯವಸ್ಥೆಯ ಭಾಗವೇ. ಹೊಲದ ಹುಲ್ಲು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತಿಪ್ಪೆಗೆ, ತಿಪ್ಪೆಯಿಂದ ಮತ್ತೆ ಹೊಲಕ್ಕೆ ಸಾಗುವ ಚಕ್ರದಲ್ಲಿ ಪ್ರತಿಯೊಂದು ಕಟ್ಟಡವೂ ಒಂದೊಂದು ನಿಲುಗಡೆಯಾಗಿತ್ತು.

ಆಲೆಮನೆ ಮತ್ತು ತಂಬಾಕಿನ ಬ್ಯಾರನ್

ಕಬ್ಬು ಬೆಳೆಯುವ ಬಯಲುಗಳಲ್ಲಿ ಬೆಲ್ಲ ಮಾಡುವ ಆಲೆಮನೆಗಳಿದ್ದವು. ನಾಲ್ಕಾರು ಕಂಬಗಳ ಮೇಲೆ ಗರಿ ಅಥವಾ ಹೆಂಚಿನ ಹೊದಿಕೆ, ಒಂದು ಬದಿಯಲ್ಲಿ ಗಾಣ, ನೆಲದಲ್ಲಿ ತೋಡಿದ ದೊಡ್ಡ ಒಲೆ, ಅದರ ಮೇಲೆ ಕೊಪ್ಪರಿಗೆ, ಪಕ್ಕದಲ್ಲಿ ಪಾಕ ಸುರಿಯುವ ಅಚ್ಚಿನ ಜಾಗ ಇಷ್ಟೇ ಇದರ ರಚನೆ. ಹೊಗೆ ಮತ್ತು ಹಬೆ ಹೊರಹೋಗಲೆಂದು ಗೋಡೆಗಳನ್ನು ಕಟ್ಟುತ್ತಿರಲಿಲ್ಲ.

ಅರಕಲಗೂಡು ತಾಲ್ಲೂಕಿನಲ್ಲಿ ವರ್ಜೀನಿಯಾ ತಂಬಾಕಿನ ಬೇಸಾಯ ಬಂದ ಮೇಲೆ ಬ್ಯಾರನ್ ಎಂಬ ಹೊಸ ಬಗೆಯ ಕೃಷಿ ಕಟ್ಟಡವೂ ಬಂದಿತು. ಕಿರಿದಾದ ನೆಲ, ಎತ್ತರವಾದ ಇಟ್ಟಿಗೆಯ ಗೋಡೆ, ಹೊರಗಿನಿಂದ ಸೌದೆ ಹಾಕುವ ಕುಲುಮೆ, ಬಿಸಿ ಹೊಗೆಯನ್ನು ಒಳಗೆ ಸುತ್ತಿಸುವ ತಗಡಿನ ಕೊಳವೆ, ಕಡ್ಡಿಗೆ ಪೋಣಿಸಿದ ಎಲೆಗಳನ್ನು ಅಂತಸ್ತುಗಳಲ್ಲಿ ತೂಗುಹಾಕುವ ಅಡ್ಡಗಳು ಇದರ ಭಾಗಗಳು. ಹಸಿರೆಲೆ ಹಲವು ದಿನಗಳ ಹದವಾದ ಕಾವಿನಲ್ಲಿ ಹಳದಿಯಾಗಿ ಒಣಗುತ್ತದೆ. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಯಿತು. ರಾಮನಾಥಪುರದಲ್ಲಿ ಅದರ ಹರಾಜು ಮಾರುಕಟ್ಟೆಯಿದೆ. ಮನೆಯ ಊಟಕ್ಕಾಗಿ ಕಟ್ಟಿದ ಹಗೇವಿಗೂ ಮಾರುಕಟ್ಟೆಗಾಗಿ ಕಟ್ಟಿದ ಬ್ಯಾರನ್ನಿಗೂ ಇರುವ ವ್ಯತ್ಯಾಸದಲ್ಲಿ ಈ ಸೀಮೆಯ ಬೇಸಾಯದ ದಿಕ್ಕು ಬದಲಾದ ಕಥೆಯಿದೆ.

ಕಟ್ಟುವವರು ಮತ್ತು ನಿರ್ವಹಣೆ

ಒಂದು ಮನೆಯ ನಿರ್ಮಾಣದಲ್ಲಿ ಹಲವು ಸಮುದಾಯಗಳ ಕೌಶಲ ಸೇರುತ್ತಿತ್ತು. ಕಲ್ಲಿಗೆ ಭೋವಿಗಳು, ಮರಕ್ಕೆ ಆಚಾರಿಗಳು, ಹೆಂಚಿಗೆ ಕುಂಬಾರರು, ಕಣಜ ತೊಂಬೆಗಳಿಗೆ ಮೇದರು. ಮಣ್ಣು ತುಳಿಯುವುದು, ಹುಲ್ಲು ಹೊದಿಸುವುದು ಮೊದಲಾದವನ್ನು ನೆರೆಹೊರೆಯವರು ಮುಯ್ಯಾಳುಗಳಾಗಿ ಬಂದು ಮಾಡಿಕೊಡುತ್ತಿದ್ದರು. ಗೋಡೆ ಸಾರಿಸುವುದು, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿಯುವುದು, ನೆಲಕ್ಕೆ ಸಗಣಿ ಹಾಕುವುದು ಹೆಂಗಸರ ಕೈಯಲ್ಲಿತ್ತು.

ಮಣ್ಣಿನ ಮನೆಗೆ ವರ್ಷವರ್ಷವೂ ಆರೈಕೆ ಬೇಕು. ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವುದು, ಅಂದರೆ ಒಡೆದ ಹೆಂಚುಗಳನ್ನು ತೆಗೆದು ಉಳಿದವನ್ನು ಮರುಜೋಡಿಸುವುದು, ತಪ್ಪದ ಕೆಲಸ. ಒಂದೆರಡು ಮಳೆಗಾಲ ಇದನ್ನು ಬಿಟ್ಟರೆ ಸೋರಿದ ನೀರು ಗೋಡೆಯ ತಲೆಗೆ ಇಳಿದು ಮನೆ ಕುಸಿಯತೊಡಗುತ್ತದೆ. ಯಜಮಾನರು ನಗರಕ್ಕೆ ಹೋಗಿ ಬೀಗ ಬಿದ್ದ ಹಳೆಯ ಮನೆಗಳು ಬೇಗನೆ ಹಾಳಾಗುವುದಕ್ಕೆ ಇದೇ ಕಾರಣ.

ಸಾಹಿತ್ಯದಲ್ಲಿ

ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904–1991) ಅವರ ‘ಹಳ್ಳಿಯ ಚಿತ್ರಗಳು’ ಮೊದಲಾದ ಕೃತಿಗಳಲ್ಲಿ ಹೇಮಾವತಿ ತೀರದ ಹಳ್ಳಿಗಳ ಬದುಕು ಚಿತ್ರಿತವಾಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯಲ್ಲಿ ಪ್ಲೇಗಿನ ಕಾಲದಲ್ಲಿ ಜನ ಊರಿನ ಮನೆಗಳನ್ನು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡು ಇರುವ ಪ್ರಸಂಗಗಳಿವೆ. 1898ರಲ್ಲಿ ಮೈಸೂರು ಸಂಸ್ಥಾನವನ್ನು ಪ್ರವೇಶಿಸಿದ ಪ್ಲೇಗು ಹಲವು ದಶಕ ಮರುಕಳಿಸಿತು. ಮಣ್ಣಿನ ಗೋಡೆ, ಕತ್ತಲೆಯ ಕೋಣೆ ಮತ್ತು ಧಾನ್ಯದ ರಾಶಿ ಇಲಿಗಳಿಗೂ ಆಶ್ರಯವಾಗಿದ್ದವು ಎಂಬುದು ಈ ಮನೆಗಳ ಇನ್ನೊಂದು ಮುಖ.

ಬದಲಾವಣೆ ಮತ್ತು ಅಳಿವು

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚಿನ ಗೋಡೆಗಳು ನೀರಿನ ನಡುವೆ ಇಂದಿಗೂ ನಿಂತಿದ್ದು ಪ್ರವಾಸಿಗರನ್ನು ಸೆಳೆಯುತ್ತವೆ. ಆದರೆ ಮಣ್ಣಿನ ಗೋಡೆ ನಿಂತ ನೀರಿಗೆ ತಾಳುವುದಿಲ್ಲ. ಮುಳುಗಿದ ಒಕ್ಕಲುಮನೆಗಳಿಗೆ ಅಂತಹ ಕುರುಹು ಉಳಿಯಲಿಲ್ಲ. ಇನ್ನೊಂದು ಕಡೆ ಇದೇ ಅಣೆಕಟ್ಟಿನ ನಾಲೆಗಳು ಕೆಳಗಿನ ಊರುಗಳ ಬೇಸಾಯವನ್ನು ವಿಸ್ತರಿಸಿ, ಹೊಸ ಮನೆ ಕಟ್ಟುವ ಶಕ್ತಿಯನ್ನೂ ಕೊಟ್ಟವು.

ಉಳಿದೆಡೆ ಬದಲಾವಣೆ ನಿಧಾನವಾಗಿ ಬಂದಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳ ಸಂಖ್ಯೆ ಇಳಿಯಿತು. ಹಾಲಿನ ಸಹಕಾರ ಸಂಘಗಳು ಬೆಳೆದಂತೆ ಮಿಶ್ರತಳಿಯ ಹಸುಗಳು ಬಂದು, ಅವುಗಳಿಗೆ ಗಾಳಿ ಬೆಳಕುಳ್ಳ ಸಿಮೆಂಟ್ ನೆಲದ ಪ್ರತ್ಯೇಕ ಕೊಟ್ಟಿಗೆಗಳು ಮನೆಯ ಹೊರಗೆ ಎದ್ದವು. ಪಡಿತರ ಅಂಗಡಿಯ ಅಕ್ಕಿ ಮತ್ತು ಗೋಣಿಚೀಲಗಳು ಹಗೇವಿನ ಅಗತ್ಯವನ್ನು ಕಡಿಮೆ ಮಾಡಿದವು. ಅವಿಭಕ್ತ ಕುಟುಂಬಗಳು ಪಾಲಾದಾಗ ತೊಟ್ಟಿಯ ನಡುವೆ ಗೋಡೆ ಎದ್ದು, ನೀರಿನ ದಾರಿ ಕಟ್ಟಿಹೋಯಿತು. ಆಶ್ರಯ, ಬಸವ ವಸತಿ ಮೊದಲಾದ ಸರ್ಕಾರಿ ಯೋಜನೆಗಳು ಗುಡಿಸಲುವಾಸಿಗಳಿಗೆ ಗಟ್ಟಿಯಾದ ಸೂರು ಒದಗಿಸಿದವು. ಇದು ದೊಡ್ಡ ಲಾಭ. ಆದರೆ ಆ ಪುಟ್ಟ ಮನೆಗಳ ನಕ್ಷೆಯಲ್ಲಿ ದನಕ್ಕೂ ಧಾನ್ಯಕ್ಕೂ ಸ್ಥಳವಿರಲಿಲ್ಲ.

ಕಣಗಳ ಅಳಿವಿನ ಪರಿಣಾಮ ಎಲ್ಲರ ಕಣ್ಣಿಗೂ ಬೀಳುವಂಥದು. ಸುಗ್ಗಿಯ ದಿನಗಳಲ್ಲಿ ರಾಗಿ, ಹುರುಳಿಗಳನ್ನು ಡಾಂಬರು ರಸ್ತೆಯ ಮೇಲೆ ಹರಡಿ ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುವುದು ಈ ಸೀಮೆಯಲ್ಲಿ ಸಾಮಾನ್ಯವಾಗಿದೆ. ಹುಲ್ಲಿನ ಮೇಲೆ ದ್ವಿಚಕ್ರ ವಾಹನಗಳು ಜಾರುವುದು, ಚಕ್ರಕ್ಕೆ ಸುತ್ತಿಕೊಂಡ ಹುಲ್ಲಿಗೆ ಬೆಂಕಿ ಹತ್ತುವುದು, ಕಾಳಿಗೆ ಕಲ್ಲುಮಣ್ಣು ಸೇರುವುದು ಇದರ ಅಪಾಯಗಳು. ನಾಲ್ಕು ದಿನ ಖರ್ಚಿಲ್ಲದೆ ಸಿಗುತ್ತಿದ್ದ ಸಗಣಿ ಸಾರಿಸಿದ ನೆಲವೊಂದು ಇಲ್ಲವಾದುದಕ್ಕೆ ತೆರುತ್ತಿರುವ ಬೆಲೆಯಿದು.

ಸಂರಕ್ಷಣೆ

ಭಾರತದಲ್ಲಿ 1958ರ ಕೇಂದ್ರ ಕಾಯಿದೆ ಮತ್ತು ಕರ್ನಾಟಕದ 1961ರ ಕಾಯಿದೆಗಳು ಪ್ರಾಚೀನ ಸ್ಮಾರಕಗಳಿಗೆ ರಕ್ಷಣೆ ನೀಡುತ್ತವೆ. ಇವುಗಳಡಿ ರಕ್ಷಣೆ ಪಡೆದವು ಮುಖ್ಯವಾಗಿ ದೇವಾಲಯ, ಕೋಟೆ, ಅರಮನೆ ಮತ್ತು ಶಾಸನಗಳು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಜನ ವಾಸಿಸುವ ರೈತಮನೆಯನ್ನು ಸ್ಮಾರಕದ ಕಟ್ಟುಪಾಡುಗಳಿಗೆ ಒಳಪಡಿಸುವುದು ಸುಲಭವಲ್ಲ. ಸೋರುವ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿಕೊಳ್ಳುವ ಹಕ್ಕು ಅದರಲ್ಲಿ ಇರುವವರಿಗೆ ಇದ್ದೇ ಇದೆ.

ಬೇರೆ ಕಡೆಗಳಲ್ಲಿ ಎರಡು ದಾರಿಗಳನ್ನು ಅನುಸರಿಸಲಾಗಿದೆ. ಒಂದು, ಮನೆಗಳನ್ನು ಇದ್ದಲ್ಲಿಯೇ ಪಟ್ಟಿ ಮಾಡುವುದು. ವೇಲ್ಸ್‌ನಲ್ಲಿ ಕಾಡು ಎಂಬ ಸರ್ಕಾರಿ ಸಂಸ್ಥೆ ರೈತಮನೆ ಮತ್ತು ಕಣಜಗಳನ್ನೂ ಪರಂಪರೆಯ ಕಟ್ಟಡಗಳ ಪಟ್ಟಿಗೆ ಸೇರಿಸುತ್ತದೆ. ಇನ್ನೊಂದು, ಕಟ್ಟಡಗಳನ್ನು ಬಿಚ್ಚಿ ಬಯಲು ವಸ್ತುಸಂಗ್ರಹಾಲಯದಲ್ಲಿ ಮರುಜೋಡಿಸುವುದು. ಅಲ್ಲಿನ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯ 1948ರಲ್ಲಿ ಆರಂಭವಾಯಿತು. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮ ಮತ್ತು ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರ ಇದೇ ಬಗೆಯ ಭಾರತೀಯ ಪ್ರಯತ್ನಗಳು. ಕಟ್ಟಡ 'ಉಳಿಸುವುದು' ಸಾಧ್ಯವಾಗದ ಕಡೆಯೂ ಅಳತೆ ನಕ್ಷೆ ತೆಗೆಯುವುದು, ಛಾಯಾಚಿತ್ರ ಸಂಗ್ರಹಿಸುವುದು, ಮನೆಯ ಭಾಗಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು ಸಾಧ್ಯ. ಹಳ್ಳಿಯ ಶಾಲೆಗಳ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕೆಲಸವಿದು. ಕಟ್ಟಡ ಬಿದ್ದ ಮೇಲೆ ಅದರ ಪದಗಳೂ ಬಳಕೆ ತಪ್ಪುತ್ತವೆ.

ಕೆಲವು ಪದಗಳು

ಅಟ್ಟ: ಕೋಣೆಯ ಮೇಲೆ, ಚಾವಣಿಯ ಕೆಳಗೆ ಸಾಮಾನು ಇಡಲು ಮಾಡಿದ ಹಾಸು.
ಕಣ್ಣಿ: ದನ ಕಟ್ಟುವ ಚಿಕ್ಕ ಹಗ್ಗ.
ಗೊಂತಿಗೆ: ದನಗಳಿಗೆ ಮೇವು ಹಾಕುವ ತೊಟ್ಟಿ.
ಜಂತೆ: ಚಾವಣಿಯನ್ನು ಹೊರುವ ಮರದ ಅಡ್ಡಪಟ್ಟಿ.
ತೊಂಬೆ: ಬಿದಿರಿನಿಂದ ಹೆಣೆದ, ಎತ್ತರವಾದ ಧಾನ್ಯದ ಪಾತ್ರೆ.
ಬೋದಿಗೆ: ಕಂಬದ ತಲೆಯಲ್ಲಿ ತೊಲೆಯನ್ನು ಹೊರುವ ಭಾಗ.
ಮುಯ್ಯಾಳು: ಕೂಲಿಯಿಲ್ಲದೆ, ಕೆಲಸಕ್ಕೆ ಪ್ರತಿಯಾಗಿ ಕೆಲಸ ಮಾಡಿಕೊಡುವವರು.
ಮೆದೆ: ಒಟ್ಟಿದ ಹುಲ್ಲಿನ ರಾಶಿ, ಬಣವೆ.
ಮೇಟಿ: ಕಣದ ನಡುವಿನ ಕಂಬ.
ಹಗೇವು: ನೆಲದೊಳಗಿನ ಧಾನ್ಯದ ಗುಳಿ.